ಜಾತ್ರೆಯ ರೂಪಾಯಿ ಊರಲ್ಲಿ ಎಷ್ಟು ದಿನ ಉಳಿಯುತ್ತದೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಾನು ಈ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಆಮೇಲೆ ಬಿಇ ಓದಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದೇನೆ. ಕಾರ್ಯಕ್ರಮದ ಸಂಘಟಕರು ಫೋನ್ ಮಾಡಿದಾಗ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪಾ ಅಂದಿದ್ದರು. ಮೊಬೈಲಿನಲ್ಲಿ ನಿಮ್ಮ ಮಕ್ಕಳು ಅದನ್ನು ನನಗಿಂತ ಚೆನ್ನಾಗಿ ನೋಡುತ್ತಾರೆ. ಅದಕ್ಕೆ ನಾನೇ ಕೇಳಿಕೊಂಡು ಬೇರೆ ವಿಷಯ ಆರಿಸಿಕೊಂಡೆ. ನಮ್ಮ ಜಾತ್ರೆ ಮತ್ತು ಹಬ್ಬಗಳ ಹಣದ ಲೆಕ್ಕ. ಜಾತ್ರೆಯಿಂದ ಊರಿಗೆ ವ್ಯಾಪಾರ ಆಗುತ್ತದೆ, ಪ್ರವಾಸಿಗರು ಬರುತ್ತಾರೆ, ಊರು ಉದ್ಧಾರ ಆಗುತ್ತದೆ ಎಂದು ಎಲ್ಲ ವೇದಿಕೆಗಳಲ್ಲೂ ಕೇಳುತ್ತೇವೆ. ಎಷ್ಟು ಆಗುತ್ತದೆ, ಯಾರಿಗೆ ಆಗುತ್ತದೆ, ಹೆಚ್ಚು ಆಗಬೇಕಾದರೆ ನಾವೇನು ಮಾಡಬೇಕು ಎಂಬುದನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ.

ಹಾವೇರಿ ಜಿಲ್ಲೆ ಧಾರವಾಡದಿಂದ ಬೇರೆಯಾಗಿದ್ದು 1997ರಲ್ಲಿ. ಜಿಲ್ಲೆ ಹೊಸದಾದರೂ ಇಲ್ಲಿಯ ಜಾತ್ರೆಗಳು ಹಳೆಯವು. ಹಾವೇರಿಯಲ್ಲಿ ಹುಕ್ಕೇರಿಮಠದ ಜಾತ್ರೆ, ದ್ಯಾಮವ್ವನ ಜಾತ್ರೆ. ಬ್ಯಾಡಗಿ ತಾಲ್ಲೂಕಿನಲ್ಲಿ ಕನಕದಾಸರ ಕಾಗಿನೆಲೆ. ಭರತ ಹುಣ್ಣಿಮೆ ಬಂತೆಂದರೆ ತುಂಗಭದ್ರೆಯ ಆಚೆ ದಂಡೆಯ ಮೈಲಾರಕ್ಕೆ ನಮ್ಮ ಕಡೆಯ ಬಂಡಿಗಳು, ಈಗ ಟ್ರ್ಯಾಕ್ಟರುಗಳು ಹೊರಡುತ್ತವೆ. ಇವುಗಳಲ್ಲಿ ಎರಡನ್ನು ಮಾತ್ರ ಇಂದು ಹತ್ತಿರದಿಂದ ನೋಡೋಣ. ಒಂದು ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದ ಕಾರ್ಣಿಕೋತ್ಸವ. ಇನ್ನೊಂದು ದೀಪಾವಳಿಯಿಂದ ಸುರುವಾಗುವ ನಮ್ಮ ಹೋರಿ ಹಬ್ಬ.

ದೇವರಗುಡ್ಡ ಮಾಲತೇಶನ ಕ್ಷೇತ್ರ. ಮಹಾನವಮಿಯ ಹೊತ್ತಿಗೆ ವ್ರತ ಹಿಡಿದ ಗೊರವಯ್ಯನವರು ಎತ್ತರದ ಬಿಲ್ಲನ್ನು ಏರಿ 'ಸದ್ದಲೇ' ಎಂದ ಕೂಡಲೇ ಅಷ್ಟೊಂದು ಜನ ಸೇರಿದ ಬಯಲು ಒಮ್ಮೆಗೇ ಮೌನವಾಗುತ್ತದೆ. ಒಂದೇ ಸಾಲಿನ ಕಾರ್ಣಿಕ ನುಡಿದು ಅವರು ಮೇಲಿನಿಂದ ಬೀಳುತ್ತಾರೆ, ಕೆಳಗೆ ನಿಂತ ಭಕ್ತರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲನ್ನು ರೈತ ಮಳೆ ಬೆಳೆಗೆ ಹೊಂದಿಸಿಕೊಳ್ಳುತ್ತಾನೆ, ರಾಜಕೀಯದವರು ಕುರ್ಚಿಗೆ ಹೊಂದಿಸಿಕೊಳ್ಳುತ್ತಾರೆ. ಮರುದಿನ ಪತ್ರಿಕೆಗಳಲ್ಲಿ ಅದೇ ಸುದ್ದಿ. ಕರಿ ಕಂಬಳಿಯ ನಿಲುವಂಗಿ, ತಲೆಗೆ ಕರಡಿ ಕೂದಲಿನ ಟೋಪಿ, ಕೈಯಲ್ಲಿ ಡಮರುಗ ಹಿಡಿದ ಗೊರವರು, ಹಾರುವ ಭಂಡಾರ, ಏಳುಕೋಟಿಯ ಘೋಷ, ಇವನ್ನು ನೋಡಲು ಜಿಲ್ಲೆಯ ಆಚೆಯಿಂದಲೂ ಜನ ಬರುತ್ತಾರೆ.

ಅಂಥ ದಿನ ಜಾತ್ರೆಗೆ ಬಂದವನು ಏನೇನಕ್ಕೆ ಖರ್ಚು ಮಾಡುತ್ತಾನೆ ಎಂದು ಲೆಕ್ಕ ಹಾಕಿ. ಬಸ್ ಚಾರ್ಜು ಇಲ್ಲವೇ ಗಾಡಿಗೆ ಪೆಟ್ರೋಲು. ಕಾಯಿ, ಕರ್ಪೂರ, ಭಂಡಾರ, ದೋಣಿ ಸೇವೆಗೆ ಹಾಲು, ತುಪ್ಪ, ಬಾಳೆಹಣ್ಣು. ಮಕ್ಕಳಿಗೆ ಆಟಿಗೆ ಸಾಮಾನು. ಹೆಣ್ಣುಮಕ್ಕಳಿಗೆ ಬಳೆ. ಮಿರ್ಚಿ, ಮಂಡಕ್ಕಿ, ಚಹಾ. ಮನೆಗೆ ಒಯ್ಯಲು ಬೆಂಡು ಬೆತ್ತಾಸು. ಸಂಜೆಯ ಹೊತ್ತಿಗೆ ಅವನು ಊರಿಗೆ ಹೊರಟಿರುತ್ತಾನೆ.

ಈಗ ಹೋರಿ ಹಬ್ಬಕ್ಕೆ ಬರೋಣ. ಬಲಿಪಾಡ್ಯಮಿಗೆ ಸುರುವಾದರೆ ಮುಂದೆ ಕೆಲವು ತಿಂಗಳು ಇವತ್ತು ಈ ಊರು, ಮುಂದಿನ ವಾರ ಆ ಊರು ಎಂದು ನಡೆಯುತ್ತಲೇ ಇರುತ್ತದೆ. ಹಾವೇರಿ, ಬ್ಯಾಡಗಿ, ಹಿರೇಕೆರೂರು, ಹಾನಗಲ್ಲು, ಆಚೆ ಶಿಕಾರಿಪುರ, ಸೊರಬ, ಎಲ್ಲ ಕಡೆ ಇದರ ಹುಚ್ಚು ಇದೆ. ಹೋರಿಗೆ ಜೂಲ, ಗೆಜ್ಜೆ, ಬಲೂನು, ಕೊರಳಿಗೆ ಕೊಬ್ಬರಿ ಹಾರ. ಓಡುವ ಹೋರಿಯಿಂದ ಕೊಬ್ಬರಿ ಹರಿಯುವ ಗಂಡು ಯಾರು, ಯಾರ ಕೈಗೂ ಸಿಗದೆ ಗೆದ್ದು ಬರುವ ಹೋರಿ ಯಾವುದು ಎಂಬುದೇ ಪಂದ್ಯ. ಬಹುಮಾನಕ್ಕೆ ಬೈಕು, ಬಂಗಾರ ಇಡುತ್ತಾರೆ. ಹೋರಿಗಳಿಗೆ ಹೆಸರಿವೆ, ಅಭಿಮಾನಿ ಬಳಗಗಳಿವೆ, ಯೂಟ್ಯೂಬಿನಲ್ಲಿ ಅವುಗಳ ಓಟ ನೋಡುವವರಿದ್ದಾರೆ. ಬೆಂಗಳೂರಿನ ನನ್ನ ಆಫೀಸಿನಲ್ಲಿ ಕೂತು ಊಟದ ಬಿಡುವಿನಲ್ಲಿ ನಾನೂ ನೋಡುತ್ತೇನೆ.

ಒಂದು ಹೋರಿಯ ಹಿಂದೆ ಎಷ್ಟು ಕೈಗಳು ದುಡಿಯುತ್ತವೆ ನೋಡಿ. ಮೇಯಿಸುವವನು, ಹುರುಳಿ ಮತ್ತು ಹಿಂಡಿ ಮಾರುವ ಅಂಗಡಿಯವನು, ಲಾಳ ಕಟ್ಟುವವನು, ಹಗ್ಗ ಹೊಸೆಯುವವನು, ಜೂಲ ಹೊಲಿಯುವ ದರ್ಜಿ, ದನದ ಡಾಕ್ಟರು, ಹೋರಿ ಒಯ್ಯುವ ಗಾಡಿಯ ಡ್ರೈವರು, ಬ್ಯಾನರ್ ಮಾಡುವ ಹುಡುಗ, ವಿಡಿಯೋ ತೆಗೆಯುವ ಹುಡುಗ. ಟ್ರ್ಯಾಕ್ಟರ್ ಬಂದ ಮೇಲೂ ನಮ್ಮ ಮನೆಗಳಲ್ಲಿ ಗಂಡುಕರು ಉಳಿದಿದ್ದರೆ ಅದಕ್ಕೆ ಈ ಹಬ್ಬವೂ ಒಂದು ಕಾರಣ.

ಇದು ಒಂದು ಮುಖ. ಇನ್ನೊಂದು ಮುಖವನ್ನೂ ಹೇಳಲೇಬೇಕು. ನಾನು ಈ ಶಾಲೆಯಲ್ಲಿ ಓದುವಾಗ ಊರ ಜಾತ್ರೆ ಮುಗಿದ ಮರುದಿನ ಅಪ್ಪ ಕಟ್ಟೆಯ ಮೇಲೆ ಕೂತು ಹಳೇ ನೋಟ್‌ಬುಕ್ಕಿನಲ್ಲಿ ಖರ್ಚಿನ ಪಟ್ಟಿ ಬರೆಯುತ್ತಿದ್ದರು. ಅಕ್ಕಂದಿರಿಗೆ ಸೀರೆ, ಬೀಗರಿಗೆ ಊಟ, ಮನೆಗೆ ಸುಣ್ಣ ಬಣ್ಣ, ದೇವರ ವಂತಿಗೆ, ಕಿರಾಣಿ ಅಂಗಡಿಯ ಬಾಕಿ. ಪಟ್ಟಿಯ ಎಡಗಡೆ ತುಂಬಿರುತ್ತಿತ್ತು, ಬಲಗಡೆ ಏನೂ ಇರುತ್ತಿರಲಿಲ್ಲ. ಬಂದ ನೆಂಟರನ್ನು ಬರಿಗೈಲಿ ಕಳಿಸಬಾರದು ಎಂದು ಸಾಲ ಮಾಡಿದ ಮನೆಗಳು ನಮ್ಮ ಓಣಿಯಲ್ಲೇ ಇದ್ದವು. ಈಗಲೂ ಇವೆ. ಜಾತ್ರೆಯಲ್ಲಿ ಗಳಿಸುವ ಮನೆಗಳು ಬೇರೆ, ಖರ್ಚು ಮಾಡುವ ಮನೆಗಳು ಬೇರೆ. ಜಾತ್ರೆಯಿಂದ ಊರಿಗೆ ಲಾಭ ಎಂದು ಒಂದೇ ಮಾತಿನಲ್ಲಿ ಹೇಳಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ.

ಹಾಗಾದರೆ ಗಳಿಸಿದವರ ಕೈಯಲ್ಲಾದರೂ ಎಷ್ಟು ಉಳಿಯುತ್ತದೆ? ಹೋದ ವರ್ಷ ಹೋರಿ ಹಬ್ಬದಲ್ಲಿ ಮಿರ್ಚಿ ಅಂಗಡಿ ಇಟ್ಟಿದ್ದ ನಮ್ಮೂರ ತಾಯಿಯೊಬ್ಬರನ್ನು ಕೇಳಿದೆ.

"ಅಕ್ಕಾರ, ವ್ಯಾಪಾರ ಹೆಂಗಾತ್ರಿ?"

"ವ್ಯಾಪಾರ ಚಲೋ ಆತಪಾ. ಆದ್ರ ಎಣ್ಣಿ ಪ್ಯಾಟಿಯಿಂದ, ಕಡ್ಲಿಹಿಟ್ಟು ಪ್ಯಾಟಿಯಿಂದ, ಗ್ಯಾಸು ಪ್ಯಾಟಿಯಿಂದ. ಪ್ಲೇಟು ಸೈತ ಪ್ಯಾಟಿಯಿಂದ. ಜಾಗಾದ ಬಾಡಗಿ ಬ್ಯಾರೆ. ಎಲ್ಲಾ ಕಳದು ನನಗ ಉಳಿಯೋದು ನನ್ನ ಕೂಲಿ ಅಷ್ಟ."

ಅರ್ಥಶಾಸ್ತ್ರದ ದೊಡ್ಡ ಪುಸ್ತಕಗಳು ಹೇಳುವುದನ್ನು ಆ ತಾಯಿ ಎಣ್ಣೆಯ ಬಾಣಲೆ ಮುಂದೆ ನಿಂತು ಹೇಳಿಬಿಟ್ಟರು. ಜಾತ್ರೆಯಲ್ಲಿ ಎಷ್ಟು ರೂಪಾಯಿ ಖರ್ಚಾಯಿತು ಎನ್ನುವುದಕ್ಕಿಂತ ಆ ರೂಪಾಯಿ ಊರು ಬಿಡುವ ಮುಂಚೆ ಎಷ್ಟು ಕೈ ದಾಟಿತು ಎನ್ನುವುದು ಮುಖ್ಯ.

ಇಲ್ಲಿ ನನಗೆ ನಮ್ಮ ಗಣಿತದ ಗುರುಗಳು ಹತ್ತನೇ ತರಗತಿಯಲ್ಲಿ ಕಲಿಸಿದ ಗುಣೋತ್ತರ ಶ್ರೇಢಿ ನೆನಪಾಗುತ್ತದೆ. ಆಗ ನಾವು ಇದೆಲ್ಲಿ ಉಪಯೋಗಕ್ಕೆ ಬರುತ್ತದೆ ಸರ್ ಎಂದು ಕೇಳುತ್ತಿದ್ದೆವು. ಇಲ್ಲಿ ಬರುತ್ತದೆ. ಮುಂದೆ ಹೇಳುವ ಅಂಕಿಗಳು ಯಾವ ಸಮೀಕ್ಷೆಯವೂ ಅಲ್ಲ, ಲೆಕ್ಕ ತಿಳಿಯಲು ನಾನು ಹಿಡಿದುಕೊಂಡವು. ಹೊರಗಿನಿಂದ ಬಂದವನು ನಮ್ಮೂರಲ್ಲಿ 100 ರೂಪಾಯಿ ಖರ್ಚು ಮಾಡಿದ. ಅದನ್ನು ಪಡೆದವರು ಅದರಲ್ಲಿ 30 ರೂಪಾಯಿ ಮಾತ್ರ ಮತ್ತೆ ಊರೊಳಗೆ ಖರ್ಚು ಮಾಡಿದರು, ಉಳಿದದ್ದು ಹೊರಗೆ ಹೋಯಿತು. ಆ 30ರಲ್ಲಿ 9, ಆ 9ರಲ್ಲಿ 2 ರೂಪಾಯಿ 70 ಪೈಸೆ, ಹೀಗೇ ಇಳಿಯುತ್ತ ಹೋದರೆ ಒಟ್ಟು ವಹಿವಾಟು ಸುಮಾರು 143 ರೂಪಾಯಿ ಆಗುತ್ತದೆ. ಅದೇ 100 ರೂಪಾಯಿಯಲ್ಲಿ 60 ರೂಪಾಯಿ ಊರೊಳಗೆ ಖರ್ಚಾಯಿತು ಎನ್ನಿ. ಆಗ 100, 60, 36, 21 ರೂಪಾಯಿ 60 ಪೈಸೆ, ಹೀಗೆ ಒಟ್ಟು 250 ರೂಪಾಯಿ. ಜಾತ್ರೆಗೆ ಬಂದ ಜನ ಒಬ್ಬರೂ ಹೆಚ್ಚಾಗಿಲ್ಲ, ಅವರ ಖರ್ಚೂ ಹೆಚ್ಚಾಗಿಲ್ಲ. ಆದರೂ ಊರಿನ ವಹಿವಾಟು ನೂರು ರೂಪಾಯಿಗೂ ಮೀರಿ ಬೆಳೆಯಿತು. ಎಣ್ಣೆ ಊರ ಗಾಣದ್ದಾದರೆ, ಕಡಲೆ ಊರ ಹೊಲದ್ದಾಗಿ ಊರ ಗಿರಣಿಯಲ್ಲಿ ಹಿಟ್ಟಾದರೆ, ಪ್ಲಾಸ್ಟಿಕ್ ಪ್ಲೇಟಿನ ಬದಲು ಮುತ್ತುಗದ ಎಲೆಯ ದೊನ್ನೆ ಬಂದರೆ, ಆ ತಾಯಿಯ ಅಂಗಡಿಯಲ್ಲೇ ಈ ಬದಲಾವಣೆ ಆಗುತ್ತದೆ.

ಜಾತ್ರೆ ದೊಡ್ಡದು ಮಾಡಿ, ಇನ್ನಷ್ಟು ಜನರನ್ನು ಕರೆಸಿ, ಇನ್ನೂ ದೊಡ್ಡ ಧ್ವನಿವರ್ಧಕ ಹಾಕಿ ಎನ್ನುವುದು ಈಗಿನ ಸಾಮಾನ್ಯ ಸಲಹೆ. ಬಂದ ರೂಪಾಯಿಯನ್ನು ಊರಲ್ಲಿ ನಾಲ್ಕು ದಿನ ಉಳಿಸಿಕೊಳ್ಳುವ ದಾರಿಯನ್ನು ಮೊದಲು ಹುಡುಕೋಣ ಎಂಬುದು ನನ್ನ ಸಲಹೆ.

ಇದು ಆಗುವ ಮಾತೇ ಎಂದು ಕೇಳಬಹುದು. ನಮ್ಮ ಜಿಲ್ಲೆಯಲ್ಲೇ ಎರಡು ಉದಾಹರಣೆಗಳಿವೆ. ಹಾವೇರಿಯನ್ನು ಏಲಕ್ಕಿ ಕಂಪಿನ ನಾಡು ಎನ್ನುತ್ತೇವೆ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗಲೂ ಇದೇ ಮಾತು ಎಲ್ಲರ ಬಾಯಲ್ಲಿತ್ತು. ಆದರೆ ಹಾವೇರಿಯ ಹೊಲಗಳಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಅದು ಬಂದದ್ದು ಮಲೆನಾಡಿನಿಂದ. ನಮ್ಮ ಪೇಟೆಯ ಜನ ಅದನ್ನು ಹಸನು ಮಾಡಿದರು, ವ್ಯಾಪಾರ ಮಾಡಿದರು, ಕೆಲವು ಮನೆಗಳವರು ಅದನ್ನು ಪೋಣಿಸಿ ಮಾಲೆ ಕಟ್ಟುವುದು ಕಲಿತರು. ಇವತ್ತು ದೊಡ್ಡ ಸಮಾರಂಭಗಳಲ್ಲಿ ಗಣ್ಯರ ಕೊರಳಿಗೆ ಬೀಳುವ ಏಲಕ್ಕಿ ಮಾಲೆಯಿಂದ ಊರಿಗೆ ಹೆಸರು ಬಂದಿದೆ. ಕಾಳು ಬೇರೆ ಊರಿನದು, ಕೈಗೆಲಸ ನಮ್ಮದು. ಕೂಲಿ ಇಲ್ಲಿ ಉಳಿಯಿತು.

ಎರಡನೆಯದು ಬ್ಯಾಡಗಿ. ಡಬ್ಬಿ, ಕಡ್ಡಿ ಎಂದು ಹೆಸರಾದ ನಮ್ಮ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು. ಖಾರ ಕಡಿಮೆ, ಬಣ್ಣ ಕಡು ಕೆಂಪು. ಅದರ ಬಣ್ಣ ತೆಗೆದು ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಬಳಸುತ್ತಾರೆ. ಇಂದು ಆ ಪೇಟೆಗೆ ಬರುವ ಚೀಲಗಳಲ್ಲಿ ಬಳ್ಳಾರಿ, ರಾಯಚೂರು ಕಡೆಯ ಮಾಲೂ ಬಹಳ ಇರುತ್ತದೆ. ಆದರೆ ತೂಕ, ಹಮಾಲಿ, ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ಕೂಲಿ, ಶೀತಲ ಗೃಹದ ಬಾಡಿಗೆ, ಲಾರಿ, ಖಾನಾವಳಿ, ಎಲ್ಲ ಬ್ಯಾಡಗಿಯಲ್ಲಿ. ಸಂತೆ ಬ್ಯಾಡಗಿಯಲ್ಲಿ ಕೂತಿರುವುದರಿಂದ ರೂಪಾಯಿ ಬ್ಯಾಡಗಿಯಲ್ಲಿ ಸುತ್ತುತ್ತದೆ. ಇಷ್ಟಾದರೂ ನಮ್ಮ ಯಾವ ಜಾತ್ರೆಯಲ್ಲಿ ಚಂದದ ಪೊಟ್ಟಣದಲ್ಲಿ ಬ್ಯಾಡಗಿ ಖಾರಪುಡಿ ಮಾರುವುದನ್ನು ನೋಡಿದ್ದೀರಿ? ಹೊರಗಿನವರು ದೇವರಗುಡ್ಡಕ್ಕೆ ಬಂದು ಹೋಗುವಾಗ ಎಲ್ಲೋ ತಯಾರಾದ ಪ್ಲಾಸ್ಟಿಕ್ ಕಾರು, ಪ್ಲಾಸ್ಟಿಕ್ ಬೊಂಬೆ ಕೊಂಡು ಹೋಗುತ್ತಾರೆ. ಪಕ್ಕದ ತಾಲ್ಲೂಕಿನ ಜಗತ್ಪ್ರಸಿದ್ಧ ಮೆಣಸಿನಕಾಯಿ ಅವರ ಕಣ್ಣಿಗೆ ಬೀಳುವುದಿಲ್ಲ.

ದೂರದ ಒಂದು ಉದಾಹರಣೆ ಕೊಡುತ್ತೇನೆ. ಚೀನಾದಲ್ಲಿ ಡ್ರ್ಯಾಗನ್ ದೋಣಿ ಹಬ್ಬ ಎಂದು ಒಂದಿದೆ. ಅವರ ಚಾಂದ್ರಮಾನ ಪಂಚಾಂಗದ ಐದನೇ ತಿಂಗಳ ಐದನೇ ದಿನ ಉದ್ದನೆಯ ದೋಣಿಗಳಲ್ಲಿ ಊರೂರಿನವರು ಪೈಪೋಟಿಗೆ ಹುಟ್ಟು ಹಾಕುತ್ತಾರೆ. ನದಿಗೆ ಹಾರಿ ಪ್ರಾಣ ಬಿಟ್ಟ ಚೂ ಯುವಾನ್ ಎಂಬ ಹಳೆಯ ಕವಿಯ ನೆನಪಿಗೆ ಇದು ಎಂದು ಅಲ್ಲಿಯ ಜನ ನಂಬುತ್ತಾರೆ. 2009ರಲ್ಲಿ ಯುನೆಸ್ಕೋ ಇದನ್ನು ಮಾನವ ಪರಂಪರೆಯ ಪಟ್ಟಿಗೆ ಸೇರಿಸಿತು. ನನ್ನ ಗಮನ ಸೆಳೆದದ್ದು ಆ ಹಬ್ಬದ ತಿಂಡಿ. ಎಲೆಯಲ್ಲಿ ಸುತ್ತಿ ಬೇಯಿಸುವ ಅಂಟು ಅಕ್ಕಿಯ ಕಡಬು ಅದು. ಜಿಯಾಶಿಂಗ್ ಎಂಬ ಊರಿನವರು ಆ ಕಡಬಿಗೆ ಹೆಸರಾಗಿ, ಹಬ್ಬದ ದಿನವಷ್ಟೇ ಅಲ್ಲದೆ ವರ್ಷವಿಡೀ ಅದನ್ನು ತಯಾರಿಸಿ ದೇಶಕ್ಕೆಲ್ಲ ಮಾರುತ್ತಾರೆ. ಹಬ್ಬ ಒಂದು ದಿನದ್ದು, ಕೆಲಸ ವರ್ಷದ್ದು. ಹಬ್ಬ ಆ ತಿಂಡಿಗೆ ಜಾಹೀರಾತಾಯಿತು.

ನಮ್ಮಲ್ಲಿ ಇಂಥ ಸಾಮಾನು ಏನಿಲ್ಲ? ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಶೇಂಗಾ ಹೋಳಿಗೆ. ಇವು ಬೆಂಗಳೂರಿನ ಅಂಗಡಿಗಳಲ್ಲಿ ಬೇರೆಯವರ ಹೆಸರಿನಲ್ಲಿ ಮಾರಾಟವಾಗುವುದನ್ನು ನಾನು ದಿನಾ ನೋಡುತ್ತೇನೆ, ಕೊಳ್ಳುತ್ತೇನೆ ಕೂಡ. ರಾಣೆಬೆನ್ನೂರು ತಾಲ್ಲೂಕಿನ ಮೆಡ್ಲೇರಿಯ ಕಡೆ ಕಂಬಳಿ ನೇಯುವ ಕೈಗಳಿವೆ. ಮಾಲತೇಶನ ಜಾತ್ರೆಗೂ ಕಂಬಳಿಗೂ ಇರುವ ನಂಟು ನಾನು ಹೇಳಬೇಕಿಲ್ಲ. ಗದ್ದಿಗೆಗೆ ಹಾಸುವ ಆ ಕಂಬಳಿಯ ಚಿಕ್ಕ ಆಸನ ಮಾಡಿ ಮಾರಿದರೆ ದೇವರ ನೆನಪಿಗೆ ಮನೆಗೆ ಒಯ್ಯುವವರು ಎಷ್ಟು ಜನ ಇರಲಿಕ್ಕಿಲ್ಲ!

ಇನ್ನು ಮಾಡಬೇಕಾದ ಕೆಲಸಗಳ ವಿಷಯ. ನನ್ನ ಬುದ್ಧಿಗೆ ಹೊಳೆದ ನಾಲ್ಕನ್ನು ಹೇಳುತ್ತೇನೆ. ತಿದ್ದುವ ಹಕ್ಕು ಹಿರಿಯರದು.

ಮೊದಲನೆಯದು ಅಂಗಡಿಯ ಜಾಗ. ಜಾತ್ರೆಯಲ್ಲಿ ಜಾಗದ ಬಾಡಿಗೆ ವಸೂಲಿಯನ್ನು ಹೆಚ್ಚು ಹಣ ಕೂಗಿದವರಿಗೆ ಕೊಡುವ ಪದ್ಧತಿ ಹಲವು ಕಡೆ ಇದೆ. ಹೆಚ್ಚು ಕೂಗಿದವರು ಹೆಚ್ಚು ವಸೂಲಿ ಮಾಡುತ್ತಾರೆ, ಕೊನೆಗೆ ಅದು ಮಿರ್ಚಿ ಅಂಗಡಿಯ ತಾಯಿಯ ಮೇಲೆ ಬೀಳುತ್ತದೆ. ದೇವಸ್ಥಾನದ ದಾರಿಯ ಮೊದಲ ಒಂದು ಸಾಲನ್ನು ಊರಿನ ಮಹಿಳಾ ಸ್ವಸಹಾಯ ಸಂಘಗಳಿಗೆ, ಊರ ಕಸುಬುದಾರರಿಗೆ ಕಡಿಮೆ ಬಾಡಿಗೆಗೆ ಮೀಸಲಿಡಬೇಕು. ಷರತ್ತು ಒಂದೇ: ಮಾರುವ ಮಾಲು ನಮ್ಮ ತಾಲ್ಲೂಕುಗಳಲ್ಲಿ ತಯಾರಾಗಿರಬೇಕು. ಹೊರಗಿನ ವ್ಯಾಪಾರಿಗಳು ಬರಬಾರದು ಎಂದು ನಾನು ಹೇಳುತ್ತಿಲ್ಲ. ಅವರಿಲ್ಲದೆ ಜಾತ್ರೆ ಕಳೆಗಟ್ಟುವುದಿಲ್ಲ, ಅವರೂ ಹೊಟ್ಟೆಪಾಡಿಗೆ ಬಂದವರು. ಊರಿನವರಿಗೆ ಒಂದು ಸಾಲು ಇರಲಿ ಎನ್ನುತ್ತೇನೆ, ಅಷ್ಟೇ.

ಎರಡನೆಯದು ಶೌಚಾಲಯ ಮತ್ತು ಕುಡಿಯುವ ನೀರು. ಪ್ರವಾಸೋದ್ಯಮ ಎಂದಾಗ ಎಲ್ಲರೂ ಹೋಟೆಲು, ಸ್ವಾಗತ ಕಮಾನು ಎನ್ನುತ್ತಾರೆ. ಶೌಚಾಲಯವಿಲ್ಲದ ಜಾತ್ರೆಯಿಂದ ಹೆಣ್ಣುಮಕ್ಕಳು ಮಧ್ಯಾಹ್ನಕ್ಕೇ ಮನೆಗೆ ಹೊರಡುತ್ತಾರೆ. ಅವರ ಜತೆ ಮನೆಮಂದಿಯೆಲ್ಲ ಹೊರಡುತ್ತಾರೆ, ಚೀಲದಲ್ಲಿದ್ದ ದುಡ್ಡೂ ಹೊರಡುತ್ತದೆ. ಶುಚಿಯಾದ ಶೌಚಾಲಯ, ನೀರು, ಮಗುವಿಗೆ ಹಾಲುಣಿಸಲು ಮರೆಯಾದ ಒಂದು ಜಾಗ ಇಷ್ಟಿದ್ದರೆ ಅದೇ ಸಂಸಾರ ಸಂಜೆಯವರೆಗೆ ಇರುತ್ತದೆ, ಊಟ ಮಾಡುತ್ತದೆ, ಬಳೆ ಇಡಿಸಿಕೊಳ್ಳುತ್ತದೆ. ಇದಕ್ಕೆ ಆಗುವ ಖರ್ಚು ಬಹುಮಾನದ ಒಂದೆರಡು ಬೈಕಿನ ಬೆಲೆಗಿಂತ ಹೆಚ್ಚಾಗಲಿಕ್ಕಿಲ್ಲ.

ಮೂರನೆಯದು ಒಂದು ರಾತ್ರಿ. ಬಂದವರು ಒಂದು ರಾತ್ರಿ ನಮ್ಮಲ್ಲಿ ಉಳಿದರೆ ಎರಡು ಊಟ, ಒಂದು ನಾಷ್ಟಾ, ಒಂದು ಹಾಸಿಗೆ, ಒಂದು ಆಟೋ ಖರ್ಚು ಕೂಡಿಕೊಳ್ಳುತ್ತದೆ. ಉಳಿಯಲು ಕಾರಣ ಬೇಕಲ್ಲ? ಕಾರಣಗಳು ಸುತ್ತಲೂ ಇವೆ. ಹುಬ್ಬಳ್ಳಿ ದಾವಣಗೆರೆ ರೈಲು ಹಾದಿಯಲ್ಲಿ ಹಾವೇರಿ, ಬ್ಯಾಡಗಿ, ದೇವರಗುಡ್ಡ, ರಾಣೆಬೆನ್ನೂರು ನಾಲ್ಕಕ್ಕೂ ನಿಲ್ದಾಣಗಳಿವೆ. ರಾಷ್ಟ್ರೀಯ ಹೆದ್ದಾರಿ 48 ನಮ್ಮ ನಡುವೆಯೇ ಹಾದುಹೋಗಿದೆ. ರಾಣೆಬೆನ್ನೂರಿನ ಪಕ್ಕದಲ್ಲಿ 1974ರಲ್ಲಿ ಘೋಷಣೆಯಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗಗಳ ಅಭಯಾರಣ್ಯವಿದೆ. ತುಂಗಭದ್ರೆಯ ದಂಡೆಯಲ್ಲಿ ಚೌಡದಾನಪುರದ ಮುಕ್ತೇಶ್ವರ ದೇವಾಲಯವಿದೆ, ವರದಾ ತುಂಗಭದ್ರೆ ಕೂಡುವಲ್ಲಿ ಗಳಗನಾಥವಿದೆ. ಹಾವೇರಿಯಲ್ಲಿ ಪಶ್ಚಿಮಕ್ಕೆ ಮುಖ ಮಾಡಿದ ಸಿದ್ಧೇಶ್ವರನ ಗುಡಿಯಿದೆ. ಬ್ಯಾಡಗಿ ತಾಲ್ಲೂಕಿನಲ್ಲಿ ಕಾಗಿನೆಲೆಯಿದೆ, ಗಾಂಧೀಜಿಯವರ ಜತೆ 1930ರ ದಂಡಿಯಾತ್ರೆಯಲ್ಲಿ ನಡೆದ ಮೈಲಾರ ಮಹದೇವಪ್ಪನವರ ಮೋಟೆಬೆನ್ನೂರಿದೆ. ಕಾರ್ಣಿಕಕ್ಕೆ ಬಂದವರಿಗೆ ಮರುದಿನ ನೋಡಲು ಇಷ್ಟು ಸಾಲದೇ? ಇವನ್ನೆಲ್ಲ ಒಂದು ಹಾಳೆಯಲ್ಲಿ, ಬಸ್ಸು ರೈಲಿನ ವೇಳೆಯೊಂದಿಗೆ, ಕನ್ನಡದಲ್ಲಿ ಹಾಕಿಕೊಡುವವರಿಲ್ಲ. ಈ ಕೆಲಸವನ್ನು ನಾನು ಮತ್ತು ಬೆಂಗಳೂರಿನಲ್ಲಿರುವ ನಮ್ಮ ಬ್ಯಾಚಿನ ಗೆಳೆಯರು ಮಾಡಿಕೊಡುತ್ತೇವೆ. ಮೊಬೈಲಿನಲ್ಲಿ ತೆರೆಯುವಂಥ ಒಂದು ಸಣ್ಣ ಜಾಲತಾಣ, ಗೋಡೆಗೆ ಅಂಟಿಸುವಂಥ ಒಂದು ಹಾಳೆ. ಊರಲ್ಲಿ ಖಾಲಿ ಕೋಣೆ ಇರುವ, ಒಬ್ಬಿಬ್ಬರು ನೆಂಟರಂತೆ ಬಂದು ಉಳಿಯಲಿ ಎನ್ನುವ ಮನೆಯವರು ಮುಂದೆ ಬಂದರೆ ಪಂಚಾಯ್ತಿಯ ಒಪ್ಪಿಗೆ ಪಡೆದು ಅವರ ಮನೆಯನ್ನೂ ಅದರಲ್ಲಿ ಸೇರಿಸೋಣ. ಇಷ್ಟು ವರ್ಷ ಜಾತ್ರೆಗೆ ಖರ್ಚನ್ನಷ್ಟೇ ಬರೆದ ಮನೆಗಳಿಗೆ ಪಟ್ಟಿಯ ಬಲಗಡೆ ಬರೆಯಲು ಒಂದು ಸಾಲಾದರೂ ಸಿಗುತ್ತದೆ.

ನಾಲ್ಕನೆಯದು ಹೋರಿ ಹಬ್ಬದ ಸುರಕ್ಷತೆ. ಇದನ್ನು ಹೇಳಿದರೆ ಕೆಲವು ಗೆಳೆಯರಿಗೆ ಬೇಸರವಾಗಬಹುದು. 2014ರಲ್ಲಿ ಸುಪ್ರೀಂ ಕೋರ್ಟು ಜಲ್ಲಿಕಟ್ಟಿನಂಥ ಆಟಗಳನ್ನು ನಿಲ್ಲಿಸಿದಾಗ ನಮ್ಮ ಹಬ್ಬಕ್ಕೂ ಆತಂಕ ಬಂದಿತ್ತು. 2017ರಲ್ಲಿ ನಮ್ಮ ಸರ್ಕಾರ ಕಂಬಳ, ಹೋರಿ ಓಟ, ಎತ್ತಿನಗಾಡಿ ಓಟಗಳಿಗೆ ಷರತ್ತಿನೊಂದಿಗೆ ಅವಕಾಶ ಕೊಡುವ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕದ ಇಂಥ ಕಾನೂನುಗಳನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆ ಆಗಬಾರದು, ನಿಯಮ ಪಾಲಿಸಬೇಕು ಎಂಬ ಷರತ್ತು ಅದರೊಳಗೇ ಇದೆ. ಆದರೆ ನಮ್ಮ ಜಿಲ್ಲೆಯಲ್ಲೇ ಈ ಹಬ್ಬದಲ್ಲಿ ಜೀವಗಳು ಹೋಗಿವೆ. ಹೋರಿ ಹಿಡಿಯಲು ಹೋದವರಷ್ಟೇ ಸತ್ತಿಲ್ಲ, ದಾರಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವರೂ ಸತ್ತಿದ್ದಾರೆ. ದುಡಿಯುವ ಒಬ್ಬ ಮಗ ಹೋದ ಮನೆಗೆ ನಾನು ಇಷ್ಟು ಹೊತ್ತು ಹೇಳಿದ ಯಾವ ಲೆಕ್ಕವನ್ನೂ ಹೇಳಲು ಬರುವುದಿಲ್ಲ.

ಅದಕ್ಕೇ ಬಹುಮಾನಕ್ಕೆ ಮುಂಚೆ ಬೇಲಿಗೆ ಹಣ ಎತ್ತಿಡಬೇಕು. ಓಡುವ ದಾರಿಗೆ ಎರಡೂ ಕಡೆ ಗಟ್ಟಿ ತಡೆ, ಹೆಂಗಸರು ಮಕ್ಕಳು ಕೂರಲು ಎತ್ತರದ ಜಾಗ, ಹೋರಿ ಓಡಿ ಹೋಗಿ ನಿಲ್ಲಲು ಬಯಲು, ಆಂಬುಲೆನ್ಸ್, ದನದ ಡಾಕ್ಟರು, ಹಿಡಿಯುವವರ ಹೆಸರು ನೋಂದಣಿ ಮತ್ತು ವಿಮೆ, ಕುಡಿದು ಬಂದವರಿಗೆ ಅಂಕಣದೊಳಗೆ ಪ್ರವೇಶವಿಲ್ಲ. ಕರಾವಳಿಯ ಕಂಬಳದವರು ಕರೆ ಕಟ್ಟಿ, ಸಮಿತಿ ಮಾಡಿ, ನಿಯಮ ಬರೆದು ತಮ್ಮ ಆಟವನ್ನು ಉಳಿಸಿಕೊಂಡರು. 2023ರ ನವೆಂಬರಿನಲ್ಲಿ ಅದು ಬೆಂಗಳೂರಿನ ಅರಮನೆ ಮೈದಾನದವರೆಗೂ ಬಂತು, ನೋಡಲು ನಾನೂ ಹೋಗಿದ್ದೆ. ನಮ್ಮ ಹೋರಿ ಹಬ್ಬ ಬೆಂಗಳೂರಿಗೆ ಬರಲಿ ಎಂದು ನನ್ನ ಆಸೆಯಿಲ್ಲ. ಬೆಂಗಳೂರಿನವರು ಇಲ್ಲಿಗೆ ಬಂದು, ಭಯವಿಲ್ಲದೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಿ, ನಮ್ಮ ಖಾನಾವಳಿಯಲ್ಲಿ ರೊಟ್ಟಿ ಉಂಡು ಹೋಗಲಿ ಎಂಬುದು ನನ್ನ ಆಸೆ.

ಕೊನೆಗೆ ಹಿರಿಯರೊಬ್ಬರು ನನಗೆ ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. "ಏನ್ ತಮ್ಮಾ, ದೇವರ ಜಾತ್ರಿಯೊಳಗೂ ರೊಕ್ಕದ ಲೆಕ್ಕ ಹಾಕ್ತಿ ಏನು?" ಎಂದರು ಅವರು. ಕೇಳಬೇಕಾದ ಪ್ರಶ್ನೆಯೇ. ಜಾತ್ರೆಯಲ್ಲಿ ವ್ಯಾಪಾರ ನಾನು ತಂದದ್ದಲ್ಲ. ನಮ್ಮ ಅಜ್ಜಂದಿರು ಎತ್ತು ಕೊಂಡದ್ದು ಜಾತ್ರೆಯಲ್ಲಿ, ಕಂಬಳಿ ಕೊಂಡದ್ದು ಜಾತ್ರೆಯಲ್ಲಿ, ಮಗಳಿಗೆ ವರ ನೋಡಿದ್ದೂ ಜಾತ್ರೆಯಲ್ಲಿ. ಆದರೆ ಮಾರಾಟಕ್ಕೆ ಇಡಬಾರದ್ದು ಕೆಲವಿವೆ. ಕಾರ್ಣಿಕ ಕೇಳುವ ಬಯಲಿಗೆ ಟಿಕೆಟ್ಟು ಬರಬಾರದು. ಬಿಲ್ಲಿನ ಹತ್ತಿರದ ಜಾಗ ಹರಕೆ ಹೊತ್ತು ನಡೆದು ಬಂದವರಿಗೇ ಇರಬೇಕು, ಕ್ಯಾಮೆರಾ ಹಿಡಿದು ಕಾರಿನಲ್ಲಿ ಬಂದ ನಮ್ಮಂಥವರು ಹಿಂದೆ ನಿಲ್ಲಬೇಕು. ಗೊರವಯ್ಯನವರನ್ನು ಫೋಟೋಕ್ಕೆ ಕುಣಿಸಬಾರದು. ನಂಬಿಕೆ ಇದ್ದುದರಿಂದ ಜನ ಬಂದರು, ಜನ ಬಂದುದರಿಂದ ಸಂತೆ ನೆರೆಯಿತು. ಈ ಕ್ರಮ ತಿರುಗುಮುರುಗಾದರೆ ಕೊನೆಗೆ ಎರಡೂ ಉಳಿಯುವುದಿಲ್ಲ.

ಮುಂದಿನ ಸಾಲಿನ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ಈ ಸಲದ ಹಬ್ಬಕ್ಕೆ ಒಂಬತ್ತನೇ ತರಗತಿಯವರು ನಾಲ್ಕು ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಪ್ರತಿ ಗುಂಪು ಹತ್ತು ಅಂಗಡಿ, ಹತ್ತು ಮನೆಗಳಿಗೆ ಹೋಗಿ ಮೂರೇ ಪ್ರಶ್ನೆ ಕೇಳಿ. ಈ ಸಾಮಾನು ಎಲ್ಲಿಂದ ತಂದಿರಿ? ಯಾರಿಗೆ ಕೂಲಿ ಕೊಟ್ಟಿರಿ? ಉಳಿದದ್ದನ್ನು ಎಲ್ಲಿ ಖರ್ಚು ಮಾಡುತ್ತೀರಿ? ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬೇಡಿ, ಯಾರ ಹೆಸರನ್ನೂ ಬರೆಯಬೇಡಿ. ಸಮಾಜ ವಿಜ್ಞಾನದ ಗುರುಗಳು, ಗಣಿತದ ಗುರುಗಳು ದಾರಿ ತೋರಿಸುತ್ತಾರೆ. ಬಂದ ಉತ್ತರಗಳನ್ನು ಕಂಪ್ಯೂಟರಿಗೆ ಹಾಕಿ ಕೂಡಿ ಕಳೆಯುವುದನ್ನು ನಾನು ಬಂದು ಕಲಿಸುತ್ತೇನೆ. ನಾನು ಇವತ್ತು 30, 60 ಎಂದು ಸುಮ್ಮನೆ ಹಿಡಿದುಕೊಂಡ ಅಂಕಿಯ ಜಾಗದಲ್ಲಿ ನಮ್ಮೂರಿನ ನಿಜವಾದ ಅಂಕಿ ಬರುತ್ತದೆ. ಮೂರು ವರ್ಷ ಹೀಗೆ ಮಾಡಿದರೆ ಅಂಕಿ ಏರಿತೋ ಇಳಿಯಿತೋ ತಿಳಿಯುತ್ತದೆ. ಆ ಹಾಳೆಯನ್ನು ಗ್ರಾಮಸಭೆಯಲ್ಲಿ ನೀವೇ ಓದಿ ಹೇಳಿ. ಊರಿನ ಹಿರಿಯರು ನನ್ನಂಥ ಇಂಜಿನಿಯರನ ಮಾತು ತಳ್ಳಿಹಾಕಬಹುದು, ತಮ್ಮ ಮನೆ ಮಕ್ಕಳು ಬರೆದ ಲೆಕ್ಕವನ್ನು ಕೇಳದೇ ಇರಲಾರರು.

ಐವತ್ತು ವರ್ಷಗಳಿಂದ ಈ ಶಾಲೆ ನಮ್ಮನ್ನು ಕಲಿಸಿ ಬೆಂಗಳೂರಿಗೆ, ಪುಣೆಗೆ, ಹುಬ್ಬಳ್ಳಿಗೆ ಕಳಿಸಿದೆ. ಮುಂದೆ ಕಲಿಯುವವರಲ್ಲಿ ಸ್ವಲ್ಪ ಜನರಾದರೂ ಊರಲ್ಲೇ ಮರ್ಯಾದೆಯಿಂದ ಬದುಕುವಷ್ಟು ಕೆಲಸ ಊರಲ್ಲಿರಲಿ.